ಕಬ್ಬರಗಿಯ ಉಸುಕುಗಲ್ಲು

ಹನುಮಸಾಗರದ ಸೀಮೆಯಲ್ಲಿ ಎರಡು ಯುಗದ ಕಲ್ಲುಗಳು ನೆರೆಹೊರೆಯಲ್ಲಿವೆ. ಇಳಕಲ್, ಕುಷ್ಟಗಿ ಕಡೆಯ ಕೆಂಪು ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ. ಭೂಮಿಯ ಹಳೆಯ ತುಂಡುಗಳು ಒಂದಕ್ಕೊಂದು ಒತ್ತಿ ನಮ್ಮ ನೆಲ ಗಟ್ಟಿಯಾಗುತ್ತಿದ್ದ ಕಾಲದಲ್ಲಿ ಆಳದಲ್ಲಿ ಕರಗಿ ಹೆಪ್ಪುಗಟ್ಟಿದ ಕಲ್ಲದು. ಪಾಲಿಶ್ ಹೊಡೆಸಿಕೊಂಡು ದೇಶವಿದೇಶದ ಮನೆ ಸೇರಿದೆ.

ಆದರೆ ನನಗೆ ಹೆಚ್ಚು ಇಷ್ಟ ಅದರ ಮೇಲೆ ಕೂತ ಉಸುಕುಗಲ್ಲು. ಗ್ರಾನೈಟು ಸವೆದು ಬಯಲಾದ ಮೇಲೆ ನೆಲ ಕುಸಿದು ಕಲಾದಗಿಯ ತಗ್ಗು ಹುಟ್ಟಿತು. ನೀರು ಹೊತ್ತು ತಂದ ಉಸುಕು ಅದರಲ್ಲಿ ಪದರಪದರವಾಗಿ ಬಿಗಿಯಿತು. ಇದೇ ಬಳಗದ ಕಲ್ಲಿನಲ್ಲಿ ಚಾಲುಕ್ಯರು ಬಾದಾಮಿಯ ಗುಹೆ ಕೊರೆಸಿದರು. ಮೂರನೆಯ ಗುಹೆಯ ಶಾಸನ ಕ್ರಿ.ಶ. 578ರದು. ಕಬ್ಬರಗಿಯ ಕಪಿಲತೀರ್ಥದಲ್ಲಿ ಮಳೆಗಾಲದ ನೀರು ಈ ಬಂಡೆಯಿಂದಲೇ ಧುಮುಕುತ್ತದೆ. ಈ ಕಲ್ಲಿನ ಪದರಗಳ ಮೇಲೆ ಬೆರಳಾಡಿಸಿದರೆ ಅಲ್ಲಲ್ಲಿ ಸಣ್ಣ ಏರಿಳಿತ ಸಿಗುತ್ತದೆ: ಒಣಗಿದ ಹಳ್ಳದ ಉಸುಕಿನ ಮೇಲಿನ ಗೆರೆಗಳಂತೆ. ಅಂದಿನ ಅಲೆಯ ಗುರುತು ಅದು. ಆಗ ಹುಲ್ಲೂ ಇರಲಿಲ್ಲ, ಮೀನೂ ಇರಲಿಲ್ಲ.

ಈ ನೆಲ ನಿಂತಲ್ಲೇ ನಿಂತಿಲ್ಲ. ಗೊಂಡ್ವಾನ ಎಂಬ ಹಳೆಯ ಮಹಾಖಂಡದಿಂದ ಕಳಚಿ ಉತ್ತರಕ್ಕೆ ಸಾಗಿದ ಭಾರತದ ಫಲಕ ಸುಮಾರು 5 ಕೋಟಿ ವರ್ಷದ ಹಿಂದೆ ಏಷ್ಯಾಕ್ಕೆ ಗುದ್ದಿ ಹಿಮಾಲಯ ಎಬ್ಬಿಸಿತು. ಈಗಲೂ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಸರಿಯುತ್ತಿದೆ. ಆ ನೂಕಾಟದ ಬಿಗುವು ದಖ್ಖನ್‌ವರೆಗೂ ಹಬ್ಬಿದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪಕ್ಕೆ ನಡುಗಿದ್ದು ಅದರಿಂದಲೇ.