ಸಿಂಪರಣೆಯಲ್ಲಿ ‘ಸಮತೆ’: ಒಂದು ವಿಮರ್ಶೆ

ಸಿಂಪರಣೆಯ ಉಪಕರಣಗಳನ್ನು ಕುರಿತ ಪಾಠಗಳಲ್ಲಿ ‘ಸಮತೆ’ ಎಂಬ ಮಾತು ಸಾಮಾನ್ಯವಾಗಿ ಒಂದೇ ಅರ್ಥದಲ್ಲಿ ಬಳಕೆಯಾಗುತ್ತದೆ. ಪರೀಕ್ಷಾಮೇಜಿನ ಸಾಲುಕಾಲುವೆಗಳಲ್ಲಿ ಶೇಖರವಾದ ನೀರನ್ನು ಅಳೆದು, ಅಳತೆಗಳ ಏರುಪೇರನ್ನು ಸರಾಸರಿಯ ಶೇಕಡಾಂಶವಾಗಿ ಹೇಳಿಬಿಟ್ಟರೆ ನಾಝಲಿನ ಯೋಗ್ಯತೆ ನಿರ್ಣಯವಾಯಿತೆಂದು ಭಾವಿಸುವುದುಂಟು. ಈ ಅಳತೆ ಅವಶ್ಯಕವೇನೋ ಹೌದು. ಅಷ್ಟೇ ಸಾಕೆಂಬುದು ಒಪ್ಪತಕ್ಕ ಮಾತಲ್ಲ.

ಮೊದಲು ಅದರ ಪ್ರಯೋಜನವನ್ನು ನೋಡೋಣ. ಬೀಸಣಿಗೆಯಂತೆ ಹರಡುವ ನಾಝಲಿನ ಕೋನ 80° ಇದ್ದು, ಅದನ್ನು 50 ಸೆಂ.ಮೀ. ಎತ್ತರದಲ್ಲಿ ಹಿಡಿದರೆ, ಲೆಕ್ಕದ ಪ್ರಕಾರ ಸುಮಾರು 84 ಸೆಂ.ಮೀ. ಅಗಲ ತೋಯುತ್ತದೆ, 110° ಇದ್ದರೆ 143 ಸೆಂ.ಮೀ. ಈ ಧಾರೆ ನಡುವೆ ದಟ್ಟ, ಅಂಚಿನಲ್ಲಿ ವಿರಳ. ಆದುದರಿಂದ ಒಂದರ ಅಂಚು ಮತ್ತೊಂದರ ಮೇಲೆ ತಕ್ಕಷ್ಟು ಬೀಳುವಂತೆ ನಾಝಲುಗಳನ್ನು ಜೋಡಿಸಿದಾಗ ಮಾತ್ರ ಹಂಚಿಕೆ ಸಮವಾಗುತ್ತದೆ. ದಂಡ ತಗ್ಗಿದರೆ ಪಟ್ಟೆಗಳು ಮೂಡುತ್ತವೆ. ಬಹಳ ಮೇಲೇರಿದರೆ ಸಣ್ಣ ಹನಿಗಳು ಗಾಳಿಯ ಪಾಲಾಗುತ್ತವೆ. ಒತ್ತಡ ಇಳಿದರೆ ಕೋನವೂ ಕುಗ್ಗುತ್ತದೆ. ಪಟ್ಟೆಗಳನ್ನೂ ಕೋನದ ಕುಗ್ಗುವಿಕೆಯನ್ನೂ ಮೇಜು ತೋರಿಸಬಲ್ಲುದು.

ಆದರೆ ಮೇಜು ಚಪ್ಪಟೆ, ಪೈರು ಹಾಗಲ್ಲ. ಗೋಧಿಯ ತೆನೆ ನೆಟ್ಟಗೆ ನಿಲ್ಲುತ್ತದೆ. ನೇರವಾಗಿ ಕೆಳಕ್ಕೆ ಬೀಳುವ ಧಾರೆ ಅದರ ಪಕ್ಕಗಳಿಗೆ ಸಾಕಷ್ಟು ತಾಗುವುದಿಲ್ಲ. ತೆನೆಯ ಶಿಲೀಂಧ್ರರೋಗಕ್ಕೆ ಔಷಧ ಹೊಡೆಯುವಾಗ ನಾಝಲನ್ನು ಮುಂದಕ್ಕೂ ಹಿಂದಕ್ಕೂ ಓರೆಮಾಡುವ ಪದ್ಧತಿ ಹುಟ್ಟಿದ್ದು ಈ ಕಾರಣದಿಂದಲೇ. ಮೇಜಿನ ಮೇಲೆ ಸಮಾನವೆನಿಸಿದ ಎರಡು ವಿಧಾನಗಳು ತೆನೆಯ ಮೇಲೆ ಅಸಮಾನವಾಗಬಹುದು.

ನಮ್ಮ ಮಲೆನಾಡಿನ ಅಡಕೆಯ ಕೊಳೆರೋಗದಲ್ಲಿ ಈ ಕೊರತೆ ಇನ್ನೂ ಸ್ಪಷ್ಟವಾಗುತ್ತದೆ. ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲಿ ಈ ರೋಗವನ್ನು ಕುರಿತು ಗ್ರಂಥ ಪ್ರಕಟಿಸಿದರು. ಮಳೆಗಾಲಕ್ಕೆ ಮುನ್ನ ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣ ತಾನು ತಾಗಿದ ಜಾಗವನ್ನು ಮಾತ್ರ ಕಾಯುತ್ತದೆ. ಕಾಯಿಯ ಒಳಗೆ ಹಬ್ಬಿ ಉಳಿದ ಭಾಗವನ್ನು ರಕ್ಷಿಸುವ ಶಕ್ತಿ ಅದಕ್ಕಿಲ್ಲ. ಗೊನೆಯ ಹಿಂಬದಿಯ ಕಾಯಿಗಳಿಗೂ ದ್ರಾವಣ ಮುಟ್ಟಿತೇ ಎಂಬುದೇ ಇಲ್ಲಿ ಪ್ರಶ್ನೆ. ಎಕರೆಗೆ ಇಷ್ಟು ಲೀಟರ್ ಎಂಬ ಸರಾಸರಿ ಇದಕ್ಕೆ ಉತ್ತರ ಕೊಡಲಾರದು.

ಆದುದರಿಂದ ‘ಸಮತೆ’ ಎಂದ ಕೂಡಲೇ ‘ಯಾವುದರ ಮೇಲೆ?’ ಎಂದು ಕೇಳುವ ಅಭ್ಯಾಸ ವಿದ್ಯಾರ್ಥಿಗಳಲ್ಲಿ ಬೆಳೆಯಬೇಕು. ಮೇಜಿನ ಪರೀಕ್ಷೆಯ ಜೊತೆಗೆ, ಹನಿ ಬಿದ್ದೆಡೆ ಹಳದಿಯಿಂದ ನೀಲಿಗೆ ತಿರುಗುವ ಕಾಗದವನ್ನು ಎಲೆಯ ಮೇಲೂ ಕೆಳಗೂ ಗೊನೆಯ ಹಿಂದೆಯೂ ಕಟ್ಟಿ ನೋಡುವುದು ಪ್ರಯೋಗಪಾಠದಲ್ಲಿ ಸೇರತಕ್ಕುದು. ಸರಾಸರಿ ಸರಿಯಿದ್ದ ತೋಟದಲ್ಲಿಯೂ ಔಷಧ ತಾಗದ ಗೊನೆ ಕೊಳೆಯಬಹುದು. ಆ ನಷ್ಟವನ್ನು ಹೊರುವವನು ಬೆಳೆಗಾರ.