ಕಪ್ಪು ಟೋಪಿಯ ಶುಭಾಶಯ

ಅಕ್ಟೋಬರ್ 31ರ ಹ್ಯಾಲೋವೀನ್ ಹಬ್ಬಕ್ಕೆಂದು ಅಮೆರಿಕದ ಮನೆಗಳಲ್ಲಿ ಕೈಯಿಂದ ತಯಾರಿಸುವ ಮಾಟಗಾತಿಯ ಶುಭಾಶಯ ಪತ್ರಗಳನ್ನು ಗಮನಿಸಿ. ಕಿತ್ತಳೆ ಬಣ್ಣದ ಹಾಳೆಯ ಮೇಲೆ ಕಪ್ಪು ಕಾಗದದಿಂದ ಕತ್ತರಿಸಿದ ಚೂಪು ಟೋಪಿ, ಪೊರಕೆ, ಬೆಕ್ಕು. ಅಂಗಡಿಯ ಅಚ್ಚಿನ ಪತ್ರಕ್ಕಿಲ್ಲದ ಆತ್ಮೀಯತೆ ಈ ಕೈಕೆಲಸಕ್ಕಿದೆ. ಆದರೆ ಟೋಪಿಯ ಕೆಳಗಿನ ವೃದ್ಧೆಗೆ ಕೊಂಕು ಮೂಗು, ವಿಕಾರ ನಗೆ ಅಂಟಿಸುವುದು ನಿರ್ದೋಷವಾದ ವಿನೋದವೇ?

ಅದೇ ನೆಲದ ಸೇಲಂ ಪಟ್ಟಣದಲ್ಲಿ 1692ರಲ್ಲಿ ಮಾಟದ ಆರೋಪ ಹೊರಿಸಿ 19 ಮಂದಿಯನ್ನು ಗಲ್ಲಿಗೇರಿಸಲಾಯಿತು. ಅವರಲ್ಲೊಬ್ಬರು 71 ವರ್ಷದ ದೈವಭಕ್ತೆ ರೆಬೆಕಾ ನರ್ಸ್. ಅವರ ಸಭೆಯೇ ಅವರನ್ನು ಬಹಿಷ್ಕರಿಸಿತ್ತು.

ಹ್ಯಾಲೋವೀನ್ ಎಂಬ ಹೆಸರಿನ ಅರ್ಥವೇ ಸಕಲ ಸಂತರ ಹಬ್ಬದ ಮುನ್ನಾದಿನದ ಸಂಜೆ. ಆ ಸಂಜೆಯ ಪತ್ರದಲ್ಲಿ ಬೆಕ್ಕು, ಟೋಪಿ, ಚಂದಿರ ನಗಲಿ. ವೃದ್ಧೆಯ ಮುಖ ನಗೆಪಾಟಲಾಗದಿರಲಿ.