‘ಕಮ್ಯುನಲ್’ ಮತ್ತು ನಮ್ಮ ‘ಕೋಮು’

ಪದಗಳಿಗೂ ಹಣೆಬರಹ ಇರುತ್ತದೆ. ಇಂಗ್ಲಿಷಿನ ‘ಕಮ್ಯುನಲ್’ ಇಂಗ್ಲೆಂಡಿನಲ್ಲಿ ಬಲು ಸಾಧು ಪದ. ಹಲವರು ಬಳಸುವ ಅಡುಗೆಮನೆ, ಎಲ್ಲರಿಗೂ ಸೇರಿದ ತೋಟ, ಕೂಡಿ ಉಣ್ಣುವ ಊಟ, ಎಲ್ಲಕ್ಕೂ ಅಲ್ಲಿ ಇದೇ ವಿಶೇಷಣ. ಅದರ ಬೇರಾದ ಲ್ಯಾಟಿನ್ ಪದದ ಅರ್ಥವೂ ‘ಎಲ್ಲರಿಗೂ ಸೇರಿದ್ದು’ ಎಂದೇ. ನಮ್ಮಲ್ಲಿ ಅದೇ ಪದ ಕಿವಿಗೆ ಬಿದ್ದರೆ ಕರ್ಫ್ಯೂ, ಸುಟ್ಟ ಅಂಗಡಿ, ಪೊಲೀಸ್ ವ್ಯಾನು ಕಣ್ಣ ಮುಂದೆ ಬರುತ್ತವೆ.

ಇದು ತಾನಾಗಿ ಆದದ್ದಲ್ಲ. 1909ರ ಮಾರ್ಲೆ-ಮಿಂಟೋ ಸುಧಾರಣೆ ಮುಸ್ಲಿಮರಿಗೆ ಪ್ರತ್ಯೇಕ ಮತಕ್ಷೇತ್ರ ಕೊಟ್ಟಿತು. 1932ರಲ್ಲಿ ಬ್ರಿಟಿಷ್ ಪ್ರಧಾನಿ ರಾಮ್ಸೆ ಮ್ಯಾಕ್ಡೊನಾಲ್ಡ್ ‘ಕಮ್ಯುನಲ್ ಅವಾರ್ಡ್’ ಘೋಷಿಸಿದಾಗ ಅದು ಬೈಗುಳವಾಗಿರಲಿಲ್ಲ. ಸಮುದಾಯವಾರು ಹಂಚಿಕೆ ಎಂದಷ್ಟೇ ಅರ್ಥ. ದಕ್ಷಿಣ ಕನ್ನಡವೂ ಸೇರಿದ್ದ ಮದ್ರಾಸ್ ಪ್ರಾಂತ್ಯದ ‘ಕಮ್ಯುನಲ್ ಜಿ.ಓ.’ ನೌಕರಿ, ಕಾಲೇಜು ಸೀಟುಗಳನ್ನು ಜಾತಿ-ಧರ್ಮವಾರು ಹಂಚುವ ಆದೇಶವಾಗಿತ್ತು. 1951ರಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿದಾಗ ಹಿಂದುಳಿದವರಿಗಾಗಿ ಸಂವಿಧಾನವನ್ನೇ ತಿದ್ದಬೇಕಾಯಿತು. ಅಂದರೆ ಈ ಪದದ ಹೊಟ್ಟೆಯಲ್ಲಿ ಪಾಲು ಕೇಳುವವರ ನ್ಯಾಯವೂ ಇತ್ತು. ಬೇರೆ ಬೇರೆ ಊರುಗಳ, ಬೇರೆ ಬೇರೆ ಕಾರಣಗಳ ಜಗಳಗಳನ್ನು ವಸಾಹತು ಆಡಳಿತ ಒಂದೇ ಹಳೆಯ ದ್ವೇಷದ ಕಥೆಯಾಗಿ ಬರೆದಿಟ್ಟದ್ದನ್ನು ಇತಿಹಾಸಕಾರ ಜ್ಞಾನೇಂದ್ರ ಪಾಂಡೆ 1990ರ ತಮ್ಮ ಪುಸ್ತಕದಲ್ಲಿ ತೋರಿಸಿದ್ದಾರೆ.

ಕನ್ನಡ ಇದಕ್ಕೆ ಕೊಟ್ಟ ಸಮಾನಪದ ‘ಕೋಮು’. ಉರ್ದು ಓದಿದ ನಮಗೆ ಇಲ್ಲೊಂದು ವಿಚಿತ್ರ ಕಾಣುತ್ತದೆ. ಅರಬಿಯಿಂದ ಬಂದ ‘ಕೌಮ್’ ಉರ್ದುವಿನಲ್ಲಿ ಜನಾಂಗ, ರಾಷ್ಟ್ರ ಎಂಬ ಘನತೆಯ ಮಾತು. ‘ಕೌಮಿ ಏಕ್ತಾ’ ಎಂದರೆ ರಾಷ್ಟ್ರೀಯ ಐಕ್ಯ. ನ್ಯಾಷನಲ್ ಹೆರಾಲ್ಡ್ ಬಳಗ ತನ್ನ ಉರ್ದು ಪತ್ರಿಕೆಗೆ ‘ಕೌಮಿ ಆವಾಜ್’ ಎಂದೇ ಹೆಸರಿಟ್ಟಿತು. ಅದೇ ಪದ ಕನ್ನಡದ ಹೊಸಿಲು ದಾಟಿ ಒಂದು ಜಾತಿಯ ಜನ ಎಂಬ ಸಾದಾ ಅರ್ಥದಲ್ಲಿ ಬದುಕಿತ್ತು. ‘ಕೋಮು ಗಲಭೆ’, ‘ಕೋಮುವಾದ’ಗಳ ಸಹವಾಸದಲ್ಲಿ ಕೆಟ್ಟಿತು. ‘ಕಮ್ಯುನಿಟಿ’ಯ ಒಳ್ಳೆಯ ಪಾಲು ‘ಸಮುದಾಯ’ಕ್ಕೆ ಹೋಯಿತು. ಊರೂರಲ್ಲಿ ಸಮುದಾಯ ಭವನಗಳಿವೆ. ಕೋಮು ಭವನ ಯಾರೂ ಕಟ್ಟುವುದಿಲ್ಲ.

ಇದು ಬರೀ ನಿಘಂಟಿನ ಸಂಗತಿಯಲ್ಲ. ಕರಾವಳಿಯ ಸುದ್ದಿಗಳಲ್ಲಿ ‘ಅನ್ಯಕೋಮಿನ ಜೋಡಿ’ ಎಂದು ಓದುತ್ತೇವೆ. ಒಂದೇ ತರಗತಿಯ ಹುಡುಗ ಹುಡುಗಿ ಐಸ್‌ಕ್ರೀಮ್ ತಿನ್ನುತ್ತಿದ್ದರೆ ಅವರು ಸಹಪಾಠಿಗಳು. ತಡೆದು ಹೊಡೆದವರ ಕಣ್ಣಿಗೆ ಮಾತ್ರ ‘ಅನ್ಯಕೋಮಿನ ಜೋಡಿ’. ಆ ಪದ ಬಳಸುವ ವರದಿಗಾರ ಓದುಗನಿಗೂ ಅದೇ ಕಣ್ಣು ಕೊಡುತ್ತಾನೆ. ‘ಎರಡು ಕೋಮುಗಳ ನಡುವೆ ಘರ್ಷಣೆ’ ಎಂಬ ವಾಕ್ಯದ್ದೂ ಇದೇ ಕಥೆ. ಕಲ್ಲೆಸೆದವರು ಹತ್ತು ಮಂದಿಯಾದರೂ ವಾಕ್ಯ ಎರಡೂ ಕಡೆಯ ಸಾವಿರಾರು ಮನೆಗಳನ್ನು, ಮಲಗಿದ್ದ ಮಕ್ಕಳನ್ನೂ ಬೀದಿಗೆ ತಂದು ನಿಲ್ಲಿಸುತ್ತದೆ. ಧರ್ಮದ ಹೆಸರು ಹೇಳದಿರುವುದು ಸಂಯಮ ಎಂಬ ವಾದವಿದೆ. ಆ ಸಂಯಮವನ್ನು ನಾವು ಗೌರವಿಸುತ್ತೇವೆ. ಆದರೆ ಗಾಯಾಳುಗಳ ಹೆಸರು ಅಚ್ಚಾದ ಮೇಲೆ ಮುಚ್ಚಿಡಲು ಏನು ಉಳಿಯಿತು? ಮರೆಯಾಗುವವನು ತಪ್ಪಿತಸ್ಥ ಮಾತ್ರ.

ಇನ್ನೊಂದು ಮಾತು. ಕೋಮುವಾದಿ ಎಂದರೆ ಯಾವಾಗಲೂ ಎದುರಿನವನೇ. ನಮ್ಮ ಮೊಹಲ್ಲಾಗಳಲ್ಲಿ ‘ಕೌಮ್’ನ ಹೆಸರೆತ್ತಿ ವೋಟು ಕೇಳುವವರೂ ಆ ಪದ ತಮಗೂ ತಗಲೀತು ಎಂದುಕೊಳ್ಳುವುದಿಲ್ಲ.

ಪದವನ್ನು ನಿಷೇಧಿಸಿ ಎಂದು ನಾವು ಕೇಳುತ್ತಿಲ್ಲ. ದ್ವೇಷದ ರಾಜಕಾರಣಕ್ಕೆ ‘ಕೋಮುವಾದ’ ಎಂಬ ಹೆಸರು ಬೇಕೇ ಬೇಕು. ಆದರೆ ಸಹಪಾಠಿಗಳನ್ನು ಸಹಪಾಠಿಗಳೆನ್ನಲು, ಹೊಡೆದವನನ್ನು ಹೊಡೆದವನೆನ್ನಲು ಕನ್ನಡದಲ್ಲಿ ಪದಗಳಿಗೆ ಬರವಿಲ್ಲ.